ಬಯಲಾಟದ ದನಿ ಅರ್ಧ ಗಂಟೆ ತಡವಾಗಿ: ನೇರ ಧ್ವನಿ ಹಿಡಿದು ಬಿತ್ತರಿಸುವಾಗ ಬರುವ ದೋಷಗಳ ಪತ್ತೆ

ರಾತ್ರಿ ಒಂಬತ್ತೂವರೆಗೆ ಯಕ್ಷಗಾನ ಬಯಲಾಟ ಶುರು. ರೇಡಿಯೋದಲ್ಲಿ ಅದಕ್ಕೆ ಸಿಕ್ಕಿರುವ ಹೊತ್ತು ಹತ್ತು ಗಂಟೆ. ಬಯಲಿನಿಂದ ಬರುವ ಧ್ವನಿಯನ್ನು ಕಂಪ್ಯೂಟರಿಗೆ ತುಂಬಿಸುತ್ತಲೇ, ಅರ್ಧ ಗಂಟೆ ಹಿಂದೆ ತುಂಬಿದ್ದನ್ನು ಟ್ರಾನ್ಸ್‌ಮಿಟರಿಗೆ ಬಿಡುತ್ತಾ ಹೋಗಬೇಕು. ಸಮುದಾಯ ಬಾನುಲಿ ನಮ್ಮ ಕರಾವಳಿಗೆ ಹೊಸದಲ್ಲ. ಮಂಗಳೂರಿನಲ್ಲಿ 107.8ರ ರೇಡಿಯೋ ಸಾರಂಗ್, ಮಣಿಪಾಲದಲ್ಲಿ 90.4ರ ರೇಡಿಯೋ ಮಣಿಪಾಲ್ ಇವೆ. ಅಂಥ ಯಾವುದೇ ಸಣ್ಣ ಕೇಂದ್ರದಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಮಿಕ್ಸರ್ ಇಟ್ಟುಕೊಂಡು ಈ ಕೆಲಸಕ್ಕೆ ಕೂರುವವರಿಗಾಗಿ ಇದನ್ನು ಬರೆದಿದ್ದೇವೆ.

ಧ್ವನಿ ಹಾದುಬರುವ ದಾರಿ ಹೀಗಿದೆ ಎಂದಿಟ್ಟುಕೊಳ್ಳಿ: ಬಯಲಿನಲ್ಲಿ ಮೈಕ್‌ನವರ ಮಿಕ್ಸರ್, ಅದರ ಪಕ್ಕ ಧ್ವನಿ ಕಳಿಸುವ ಲ್ಯಾಪ್‌ಟಾಪ್, ಮೊಬೈಲ್ ಡೇಟಾ, ಕೇಂದ್ರದ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್, ಡಿಲೇ (ಧ್ವನಿಯನ್ನು ಅರ್ಧ ಗಂಟೆ ತಡೆದು ಬಿಡುವುದು), ಸೌಂಡ್ ಕಾರ್ಡ್, ಸ್ಟುಡಿಯೋ ಮಿಕ್ಸರ್, ಕೊನೆಗೆ ಟ್ರಾನ್ಸ್‌ಮಿಟರ್. ಕೆಳಗಿನ ಲೆಕ್ಕಗಳೆಲ್ಲ 48,000 ಹರ್ಟ್ಸ್, 16 ಬಿಟ್, ಸ್ಟೀರಿಯೋ ಧ್ವನಿಗೆ. ಇದು ಸೆಕೆಂಡಿಗೆ 1,92,000 ಬೈಟ್, ಗಂಟೆಗೆ ಸುಮಾರು 691 ಎಂಬಿ ಜಾಗ ತಿನ್ನುತ್ತದೆ. ಅರ್ಧ ಗಂಟೆಯ ಡಿಲೇ ಎಂದರೆ ಸುಮಾರು 346 ಎಂಬಿ. ಡಿಸ್ಕನ್ನೇ ಮುಟ್ಟದೆ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳಬಹುದಾದಷ್ಟು ಸಣ್ಣದು. ಆದರೂ ಡಿಸ್ಕಿನಲ್ಲೇ ಇಡಿ ಎನ್ನುತ್ತೇವೆ. ಕರೆಂಟು ಹೋದರೆ ರ‍್ಯಾಮ್‌ನಲ್ಲಿದ್ದದ್ದು ಹೋದಂತೆಯೇ.

ಮೊದಲು ಅರ್ಧ ಗಂಟೆ ಕಳೆದು ನೋಡಿ

ಡಿಲೇ ಇರುವ ಪ್ರಸಾರದಲ್ಲಿ ಈಗ ಕೇಳಿಸಿದ ದೋಷ ಈಗ ಆದದ್ದೇ ಎಂದು ಹೇಳಲು ಬರುವುದಿಲ್ಲ. 11:20ಕ್ಕೆ ರೇಡಿಯೋದಲ್ಲಿ ‘ಟಕ್’ ಎಂದಿತು. ಅದು 10:50ಕ್ಕೆ ಒಳಬರುವಾಗಲೇ ಆಗಿರಬಹುದು, ಇಲ್ಲವೇ 11:20ಕ್ಕೆ ಹೊರಹೋಗುವಾಗ ಆಗಿರಬಹುದು. ಇದು ತೀರ್ಮಾನವಾಗದೆ ಕೇಬಲ್ ಎಳೆಯುವುದು, ಸೆಟ್ಟಿಂಗ್ ಬದಲಿಸುವುದು ಬೇಡ. 11:20ಕ್ಕೆ ಗಾಬರಿಯಾಗಿ ಒಳಬರುವ ಕೇಬಲನ್ನು ಅಲ್ಲಾಡಿಸಿದರೆ, ಆ ಅಲ್ಲಾಟದ ಸದ್ದು 11:50ಕ್ಕೆ ಊರಿಗೆಲ್ಲ ಕೇಳುತ್ತದೆ.

ರೆಕಾರ್ಡ್ ಆಗುತ್ತಿರುವ ಫೈಲಿನ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿಗೆ ತೆಗೆದುಕೊಂಡು 10:50ರ ಜಾಗವನ್ನು ಕೇಳಿ. ಸದ್ದು ಅಲ್ಲಿದ್ದರೆ ದೋಷ ಬಯಲಿನಿಂದ ರೆಕಾರ್ಡರ್‌ವರೆಗಿನ ದಾರಿಯಲ್ಲಿದೆ. ಅಲ್ಲಿಲ್ಲದಿದ್ದರೆ ಡಿಲೇಯಿಂದ ಟ್ರಾನ್ಸ್‌ಮಿಟರ್‌ವರೆಗಿನ ದಾರಿಯಲ್ಲಿದೆ. ಅರ್ಧ ದಾರಿಯ ಹುಡುಕಾಟ ಇಷ್ಟರಲ್ಲೇ ಉಳಿಯಿತು. ರೆಕಾರ್ಡ್ ಮಾಡುತ್ತಿರುವ ಯಂತ್ರದಲ್ಲೇ ಆ ಫೈಲನ್ನು ಒಡಾಸಿಟಿ ಎಂಬ ಧ್ವನಿ ತಿದ್ದುವ ಪ್ರೋಗ್ರಾಮಿನಲ್ಲಿ ತೆರೆಯಬೇಡಿ. ಅಷ್ಟು ದೊಡ್ಡ ಫೈಲನ್ನು ಓದಿಕೊಳ್ಳುವಾಗ ಡಿಸ್ಕ್ ಬಿಗಿಯಾಗಿ ಹೊಸ ‘ಟಕ್’ಗಳು ಹುಟ್ಟುತ್ತವೆ.

ಇದರ ಜೊತೆಗೆ ಕಿವಿ ಎಲ್ಲಿಡಬೇಕು ಎಂಬ ಮಾತೂ ಬರುತ್ತದೆ. ಹೆಚ್ಚಿನವರು ಗಾಳಿಯಲ್ಲಿ ಹೋಗುತ್ತಿರುವುದನ್ನಷ್ಟೇ ಕೇಳುತ್ತಾ ಕೂರುತ್ತಾರೆ. ನಮ್ಮ ಪ್ರಕಾರ ಇರುವ ಒಳ್ಳೆಯ ಹೆಡ್‌ಫೋನು, ಅನುಭವದ ಕಿವಿ ಎರಡೂ ಒಳಬರುವ ಧ್ವನಿಯ ಮೇಲಿರಬೇಕು. ಅಲ್ಲಿ ದೋಷ ಸಿಕ್ಕರೆ ಸರಿಪಡಿಸಲು ಪೂರ್ತಿ ಅರ್ಧ ಗಂಟೆ ಕೈಯಲ್ಲಿದೆ. ಗಾಳಿಯಲ್ಲಿ ಸಿಕ್ಕರೆ ಒಂದು ನಿಮಿಷವೂ ಇಲ್ಲ. ಪ್ರಸಾರದ ಕಡೆಗೆ ಒಂದು ಸಣ್ಣ ರೇಡಿಯೋ ಸಾಕು, ಅದೂ ಸ್ಪೀಕರ್ ಒಂದೇ ಇರುವ ಅಗ್ಗದ್ದು. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮಧ್ಯದಲ್ಲಿ ಆಕಾಶವಾಣಿ ವಾರ್ತೆ ಬರುವುದಿದ್ದರೆ ಕಳೆಯುವ ಲೆಕ್ಕ ಬದಲಾಗುತ್ತದೆ. ಸಮುದಾಯ ಬಾನುಲಿ ಸ್ವಂತ ವಾರ್ತೆ ಓದುವಂತಿಲ್ಲ, ಆಕಾಶವಾಣಿಯದನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ಆ ಹತ್ತು ನಿಮಿಷ ಆಟದ ಹೊರಹರಿವನ್ನು ತಡೆದು ನಿಲ್ಲಿಸಿದರೆ, ವಾರ್ತೆ ಮುಗಿದ ಮೇಲೆ ಡಿಲೇ ನಲವತ್ತು ನಿಮಿಷ ಆಗಿರುತ್ತದೆ. ಲಾಗ್ ಪುಸ್ತಕದಲ್ಲಿ ದೋಷ ಕೇಳಿಸಿದ ಹೊತ್ತಿನ ಪಕ್ಕದಲ್ಲಿ ಆಗಿನ ಡಿಲೇ ಎಷ್ಟು ಎಂದೂ ಬರೆಯಿರಿ. ಅದಿಲ್ಲದಿದ್ದರೆ ಮರುದಿನ ಹುಡುಕುವವರಿಗೆ ಏನೂ ಸಿಗದು.

ಹೆಡ್‌ಫೋನಿನಲ್ಲಿ ಭಾಗವತರಿದ್ದಾರೆ, ರೇಡಿಯೋದಲ್ಲಿಲ್ಲ

ಬಯಲಿನಿಂದ ಲೈನ್ ತೆಗೆದುಕೊಂಡ ಮೊದಲ ರಾತ್ರಿಯೇ ಬರಬಹುದಾದ ದೋಷ ಇದು. ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿದವರಿಗೆ ಎಲ್ಲ ಚೆನ್ನಾಗಿದೆ, ಸ್ವಲ್ಪ ಅಗಲವಾಗಿ, ತಲೆಯ ಎರಡೂ ಬದಿಯಿಂದ ಬಂದ ಹಾಗೆ ಕೇಳುತ್ತದೆ. ಮೀಟರಿನ ಎರಡೂ ಪಟ್ಟಿ ಸಮ ಕುಣಿಯುತ್ತಿವೆ. ಆದರೆ ಮನೆಯ ರೇಡಿಯೋದಲ್ಲಿ ಪದ್ಯವೇ ಇಲ್ಲ. ಸಭೆಯ ಕಡೆ ಬೇರೆ ಮೈಕ್ ಇಟ್ಟಿದ್ದರೆ ಅದರಿಂದ ಬರುವ ಚೆಂಡೆ ಮಾತ್ರ ಎಲ್ಲೋ ದೂರದಲ್ಲಿ ಬಡಿಯುತ್ತಿರುತ್ತದೆ.

ಕಾರಣ ಕೇಬಲಿನಲ್ಲಿದೆ. ಮೈಕ್‌ನವರ ಮಿಕ್ಸರಿನ ಮೂರು ಪಿನ್ನಿನ ಔಟ್‌ಪುಟ್‌ನಲ್ಲಿ 1ನೇ ಪಿನ್ ಗ್ರೌಂಡ್, 2ನೆಯದರಲ್ಲಿ ಧ್ವನಿ, 3ನೆಯದರಲ್ಲಿ ಅದೇ ಧ್ವನಿ ತಲೆಕೆಳಗಾಗಿ. ಅಂಗಡಿಯಲ್ಲಿ ಸಿಗುವ ಅನೇಕ ಸಿದ್ಧ ಕೇಬಲುಗಳು 2ನೇ ಪಿನ್ನನ್ನು ಲ್ಯಾಪ್‌ಟಾಪಿನ ಸಣ್ಣ ಸ್ಟೀರಿಯೋ ಜ್ಯಾಕಿನ ಎಡಕ್ಕೂ 3ನೆಯದನ್ನು ಬಲಕ್ಕೂ ಜೋಡಿಸುತ್ತವೆ. ಈಗ ಎಡ ಮತ್ತು ಬಲ ಒಂದಕ್ಕೊಂದು ವಿರುದ್ಧ. ಎರಡನ್ನೂ ಕೂಡಿಸಿದರೆ ಸೊನ್ನೆ. ಎಫ್‌ಎಂ ಸ್ಟೀರಿಯೋ ಪ್ರಸಾರದಲ್ಲಿ ಮುಖ್ಯ ಧ್ವನಿಯೇ ಎಡ-ಬಲಗಳ ಮೊತ್ತ. ಒಂದೇ ಸ್ಪೀಕರಿನ ರೇಡಿಯೋ, ಫೋನಿನ ಸ್ಪೀಕರು ಆ ಮೊತ್ತವನ್ನೇ ಕೇಳಿಸುತ್ತವೆ. ಸಿಗ್ನಲ್ ಕಡಿಮೆಯಿರುವ ಕಡೆ ಒಳ್ಳೆಯ ರಿಸೀವರ್‌ಗಳೂ ತಾವಾಗಿ ಮೊನೊಗೆ, ಅಂದರೆ ಎಡ-ಬಲ ಕೂಡಿದ ಒಂದೇ ಧ್ವನಿಗೆ, ಇಳಿಯುತ್ತವೆ.

ಪರೀಕ್ಷೆ ಬಹಳ ಸುಲಭ. ರೆಕಾರ್ಡ್ ಆದದ್ದರ ಒಂದು ತುಣುಕನ್ನು ಮೊನೊ ಮಾಡಿ ಕೇಳಿ, ದನಿ ಮಾಯವಾದರೆ ಇದೇ ದೋಷ. ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಮೇಲಿನ ಪಟ್ಟಿಯ ಗುಡ್ಡ ಬಂದಲ್ಲಿ ಕೆಳಗಿನದರಲ್ಲಿ ಹಳ್ಳ ಇರುತ್ತದೆ.

ಡಿಲೇ ಇಟ್ಟುಕೊಂಡವರಿಗೆ ಇಲ್ಲಿ ಒಂದು ಅನುಕೂಲವಿದೆ. ಒಳಬಂದು ರೆಕಾರ್ಡ್ ಆದದ್ದನ್ನು ತಿದ್ದಲು ಬಯಲಿಗೆ ಓಡಬೇಕಿಲ್ಲ. ಹೊರಹೋಗುವ ಕಡೆ ಪ್ಲೇಯರಿನಲ್ಲಿ ಅಥವಾ ಸ್ಟುಡಿಯೋ ಮಿಕ್ಸರಿನಲ್ಲಿ ಬಲ ಚಾನೆಲನ್ನು ಮುಚ್ಚಿ, ಎಡವನ್ನು ಮಾತ್ರ ನಡುವಿಗೆ ತಂದು ಬಿಡಿ. ಪೂರ್ತಿ ಧ್ವನಿ ವಾಪಸ್ಸು ಬರುತ್ತದೆ, ಏನೂ ಕಳೆದಿರುವುದಿಲ್ಲ. ಈ ಸ್ಥಿತಿಯಲ್ಲಿ ಬಯಲಿನವರಿಗೆ ಫೋನ್ ಮಾಡಿ ಕೇಬಲ್ ಬದಲಿಸಲು ಹೇಳಿದಿರಾದರೆ, ಅವರು ಬದಲಿಸಿದ ಹೊತ್ತು ಬರೆದಿಟ್ಟುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಕೂಡಿಸಿದ ಹೊತ್ತಿಗೆ ನೀವು ಮಿಕ್ಸರನ್ನು ಮೊದಲಿನಂತೆ ಮಾಡಬೇಕು, ಅದಕ್ಕೆ ಮುಂಚೆ ಅಲ್ಲ. ಎಡ ಚಾನೆಲ್ ಒಂದನ್ನೇ ಇಟ್ಟುಕೊಂಡು ಆಟ ಮುಗಿಸಿದರೂ ಕೇಳುಗರಿಗೆ ನಷ್ಟವಿಲ್ಲ. ಮೈಕ್‌ನವರ ಮಿಕ್ಸರಿನಿಂದ ಬರುವುದು ಸಾಮಾನ್ಯವಾಗಿ ಮೊನೊ ಧ್ವನಿಯೇ.

ಶಾಶ್ವತ ಪರಿಹಾರ ಎಂದರೆ ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ನಡುವೆ 600 ಓಮ್‌ನಿಂದ 600 ಓಮ್‌ಗೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಅದು 2 ಮತ್ತು 3ನೇ ಪಿನ್ನನ್ನು ಸರಿಯಾಗಿ ನಿಭಾಯಿಸಿ ಒಂದೇ ಧ್ವನಿ ಕೊಡುತ್ತದೆ. ಮುಂದೆ ಹೇಳುವ ‘ಗುಂಯ್’ ಸದ್ದಿಗೂ ಅದೇ ಮದ್ದು. ಬಯಲಿಗೆ ಹೋಗುವ ಚೀಲದಲ್ಲಿ ಮೊದಲು ಹಾಕಬೇಕಾದ ಸಾಮಾನು ಯಾವುದು ಎಂದು ಕೇಳಿದರೆ ನಾವು ಇದನ್ನೇ ಹೇಳುತ್ತೇವೆ.

ಗುಂಯ್ ಸದ್ದು, ಒಡೆದ ಸದ್ದು

ಮೈಕ್‌ನವರ ಮಿಕ್ಸರ್ ಜನರೇಟರಿನ ಲೈನಿನಲ್ಲಿ, ನಿಮ್ಮ ಲ್ಯಾಪ್‌ಟಾಪಿನ ಚಾರ್ಜರ್ ಪಕ್ಕದ ಮನೆಯಿಂದ ಎಳೆದ ಲೈನಿನಲ್ಲಿ ಇದ್ದರೆ ಎರಡು ಅರ್ಥಿಂಗ್‌ಗಳ ನಡುವೆ ನಿಮ್ಮ ಆಡಿಯೋ ಕೇಬಲೇ ಸೇತುವೆ ಆಗುತ್ತದೆ. 50 ಹರ್ಟ್ಸ್‌ನ ‘ಗುಂಯ್’ ಶುರು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಸದ್ದು ನಿಂತರೆ ಅರ್ಥ್ ಲೂಪ್ ಖಚಿತ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಲ್ಲಿದೆ. ಇಬ್ಬನಿ ಬಿದ್ದ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತ ಮನುಷ್ಯರು ಆ ಮೈಕ್ ಹಿಡಿಯುತ್ತಾರೆ. ಅದು ಜೀವಕ್ಕೆ ಅಪಾಯ, ಯಾರು ಹೇಳಿದರೂ ಮಾಡಬೇಡಿ.

ಬ್ಯಾಟರಿಯಲ್ಲೂ ಸದ್ದು ನಿಲ್ಲದೆ, ಅದು ಗುಂಯ್‌ಗಿಂತ ತೆಳುವಾಗಿ ‘ಜಿರ್ರ್’ ಎಂದಿದ್ದರೆ ದೀಪದ ಡಿಮ್ಮರಿನ ಕೇಬಲಿಗೆ ತಾಗಿಕೊಂಡು ಆಡಿಯೋ ಕೇಬಲ್ ಹೋಗಿರುತ್ತದೆ. ಎರಡನ್ನೂ ಬೇರೆ ಬೇರೆ ಕಡೆಯಿಂದ ಎಳೆಯಿರಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಸಾಗುವುದು ಬೇಡ.

ಒಡೆದ ಸದ್ದಿನ ವಿಷಯದಲ್ಲಿ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಮೀಟರ್ ಮೈನಸ್ 12ರಲ್ಲೇ ನಿಂತಿದೆ, ಆದರೂ ಚೆಂಡೆಯ ಪೆಟ್ಟು ತಗಡಿನ ಡಬ್ಬಿ ಬಡಿದಂತೆ ಕೇಳುತ್ತಿದೆ ಎಂದರೆ ಧ್ವನಿ ನಿಮ್ಮಲ್ಲಿಗೆ ಬರುವ ಮುಂಚೆಯೇ ಎಲ್ಲೋ ಕ್ಲಿಪ್ ಆಗಿದೆ. ಅಲೆಯನ್ನು ದೊಡ್ಡದು ಮಾಡಿ ನೋಡಿ, ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗಿದ್ದು ಅವೆಲ್ಲ ಒಂದೇ ಎತ್ತರಕ್ಕೆ ನಿಂತಿದ್ದರೆ ಸಂಶಯವಿಲ್ಲ. ಹೆಚ್ಚಾಗಿ ಕಾರಣ ಮಿಕ್ಸರಿನ ಲೈನ್ ಔಟನ್ನು ಲ್ಯಾಪ್‌ಟಾಪಿನ ಮೈಕ್ ಜ್ಯಾಕಿಗೆ ಹಾಕಿದ್ದು. ಕಂಪ್ಯೂಟರಿನಲ್ಲಿ ಗೇನ್ ಇಳಿಸಿದರೆ ಒಡೆದದ್ದು ಸಣ್ಣದಾಗಿ ಕೇಳುತ್ತದೆ, ಅಷ್ಟೆ. ನಡುವೆ ಧ್ವನಿಯ ಮಟ್ಟ ತಗ್ಗಿಸುವ 40 ಡಿಬಿ ಪ್ಯಾಡ್ ಹಾಕಬೇಕು, ಇಲ್ಲವೇ ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಕಾರ್ಡ್ ಬಳಸಬೇಕು. ರೆಕಾರ್ಡ್‌ನಲ್ಲಿ ಒಡೆದುಹೋದದ್ದನ್ನು ಡಿಲೇ ಎಷ್ಟಿದ್ದರೂ ಮರಳಿ ತರಲಾಗದು.

ಲೆವೆಲ್ ಹೊಂದಿಸಲು ಸರಿಯಾದ ಹೊತ್ತು ಆಟಕ್ಕೆ ಮುಂಚೆ ‘ಕೇಳಿ’ ಎಂಬ ಚೆಂಡೆವಾದನ ನಡೆಯುವಾಗ. ಚೆಂಡೆ ಆಗ ಪೂರ್ತಿ ಜೋರಿನಲ್ಲಿರುತ್ತದೆ. ಅದರ ಪೆಟ್ಟು ಮೈನಸ್ 6 ಡಿಬಿ ದಾಟದಂತೆ ಇಡಿ, ಭಾಗವತರ ದನಿ ಮೈನಸ್ 18ರ ಆಸುಪಾಸು ಬರುತ್ತದೆ. ಪೂರ್ವರಂಗದ ಮೆಲುದನಿಗೆ ಹೊಂದಿಸಿ ಬಿಟ್ಟರೆ ಮೊದಲ ವೇಷದ ಪ್ರವೇಶಕ್ಕೇ ಕೆಂಪು ದೀಪ ಹತ್ತುತ್ತದೆ.

ಸರಿಯಾಗಿ ಅರ್ಧ ಗಂಟೆ ಓಡಿ ನಿಂತಿತು

ಹತ್ತು ಗಂಟೆಗೆ ಪ್ರಸಾರ ಶುರುವಾಗಿ ಹತ್ತೂವರೆಗೆ ತಟ್ಟನೆ ಮೌನ. ರೆಕಾರ್ಡಿಂಗ್ ನಡೆಯುತ್ತಲೇ ಇದೆ. ನಿಂತ ಹೊತ್ತು ಡಿಲೇಯಷ್ಟೇ ಇದ್ದರೆ ಫೈಲಿನ ತಲೆಬರಹವನ್ನು ಸಂಶಯಿಸಿ. ವೇವ್ ಫೈಲಿನ ಮೊದಲ 44 ಬೈಟ್‌ಗಳಲ್ಲಿ ಧ್ವನಿ ಎಷ್ಟು ಉದ್ದವಿದೆ ಎಂದು ಬರೆದಿರುತ್ತದೆ. ಅನೇಕ ಪ್ಲೇಯರುಗಳು ಫೈಲ್ ತೆರೆಯುವಾಗ ಆ ಅಂಕಿಯನ್ನು ಒಮ್ಮೆ ಓದಿ, ಅಲ್ಲಿಗೆ ಮುಗಿಯಿತೆಂದು ನಂಬುತ್ತವೆ. ನೀವು ತೆರೆದಾಗ ಅರ್ಧ ಗಂಟೆಯ ಉದ್ದ ಇತ್ತು, ಅರ್ಧ ಗಂಟೆ ಓದಿ ನಿಂತಿತು. ಕೆಲವು ರೆಕಾರ್ಡರುಗಳು ಆ ಅಂಕಿಯನ್ನು ಕೊನೆಗಷ್ಟೇ ಬರೆಯುತ್ತವೆ. ಆಗ ಉದ್ದ ಸೊನ್ನೆ ಎಂದಿರುವುದರಿಂದ ಪ್ಲೇಯರ್ ಫೈಲನ್ನು ತೆರೆಯುವುದೇ ಇಲ್ಲ. ವಿಂಡೋಸ್‌ನಲ್ಲಿ ಇನ್ನೊಂದು ಬಗೆಯೂ ಇದೆ: ರೆಕಾರ್ಡರ್ ಫೈಲಿಗೆ ಬೀಗ ಹಾಕಿಟ್ಟು ಬೇರೆ ಪ್ರೋಗ್ರಾಮಿಗೆ ತೆರೆಯಲು ಬಿಡುವುದಿಲ್ಲ.

ಬೆಳೆಯುತ್ತಿರುವ ಫೈಲನ್ನು ಓದಲು ವೇವ್ ತಕ್ಕದ್ದಲ್ಲ. ತಲೆಬರಹವಿಲ್ಲದ ಕಚ್ಚಾ ಪಿಸಿಎಂ (ಧ್ವನಿಯ ಅಂಕಿಗಳಷ್ಟೇ ಇರುವ ಫೈಲು), ಇಲ್ಲವೇ ಎಂಪಿ3 ಅಥವಾ ಆಗ್‌ನಂಥ ತುಂಡುತುಂಡಾಗಿ ಬರೆಯುವ ರೂಪ ಬಳಸಿ. ಇನ್ನೊಂದು ದಾರಿ, ಹತ್ತು ಹತ್ತು ನಿಮಿಷದ ಫೈಲುಗಳಾಗಿ ರೆಕಾರ್ಡ್ ಮಾಡಿ, ಮುಗಿದ ಫೈಲುಗಳನ್ನು ಸಾಲಾಗಿ ನುಡಿಸುವುದು. ಹಾಗೆ ಮಾಡುವುದಾದರೆ ಆಟ ಶುರುವಾಗುವ ಮುಂಚೆಯೇ ಎರಡು ಫೈಲುಗಳ ಸಂಧಿಯನ್ನು ಕೇಳಿ ನೋಡಿ. ಒಂದು ಫೈಲ್ ಮುಚ್ಚಿ ಇನ್ನೊಂದು ತೆರೆಯುವ ನಡುವೆ ಕೆಲವು ರೆಕಾರ್ಡರುಗಳು ಸ್ವಲ್ಪ ಧ್ವನಿ ನುಂಗುತ್ತವೆ. ಮಾತಿನಲ್ಲಿ ಗೊತ್ತಾಗದು, ಆದರೆ ಏಕತಾಳದ ಬಿಡ್ತಿಗೆಯಲ್ಲಿ (ಚೆಂಡೆ-ಮದ್ದಳೆಯ ನುಡಿತದಲ್ಲಿ) ಒಂದು ಅಕ್ಷರ ಹಾರಿದರೂ ಕಲಾವಿದರು ತಪ್ಪಿದರೇನೋ ಎಂದು ಕೇಳುಗರಿಗೆ ಅನಿಸುತ್ತದೆ.

ಇಡೀ ರಾತ್ರಿಯ ಆಟವಾದರೆ ಇದರ ದೊಡ್ಡಣ್ಣನೊಬ್ಬ ಕಾದಿರುತ್ತಾನೆ. ವೇವ್ ಫೈಲಿನ ಉದ್ದದ ಅಂಕಿಗೆ 32 ಬಿಟ್ ಮಾತ್ರ ಜಾಗ. 4 ಜಿಬಿ ದಾಟಿದರೆ ಬರೆಯಲು ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು 6 ಗಂಟೆ 12 ನಿಮಿಷ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ 4 ಗಂಟೆ 8 ನಿಮಿಷ. ಕೆಲವು ಹಳೆಯ ಪ್ರೋಗ್ರಾಮುಗಳಿಗೆ 2 ಜಿಬಿಯೇ ಗಡಿ, ಅಂದರೆ 3 ಗಂಟೆ 6 ನಿಮಿಷ. ಫ್ಯಾಟ್32 ಮಾದರಿಯ ಪೆನ್‌ಡ್ರೈವಿಗೂ ಫೈಲಿಗೆ 4 ಜಿಬಿಯ ಮಿತಿ ಇದೆ. ಒಂಬತ್ತೂವರೆಗೆ ಶುರು ಮಾಡಿದ ರೆಕಾರ್ಡಿಂಗ್ ಬೆಳಗಿನ 3:42ಕ್ಕೆ ನಿಂತಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಈ ಲೆಕ್ಕ ಹಾಕಿ. ಕಾಲಮಿತಿ ಆಟಗಳಿಗೆ ಈ ತೊಂದರೆ ಬರುವುದಿಲ್ಲ. ಹಾಗಾಗಿಯೇ ಒಂದು ಸೀಸನ್ ಪೂರ್ತಿ ಚೆನ್ನಾಗಿ ಓಡಿದ ವ್ಯವಸ್ಥೆ ಬೆಳಗಿನವರೆಗಿನ ಹರಕೆ ಆಟದ ದಿನ ಕೈಕೊಡುತ್ತದೆ. ಪರಿಹಾರ: ಗಂಟೆಗೊಂದು ಫೈಲು, ಅಥವಾ ದೊಡ್ಡ ಅಂಕಿ ಹಿಡಿಸುವ ಆರ್‌ಎಫ್64 ರೂಪ.

ಟಕ್, ಟಕ್

‘ಟಕ್’ ಸದ್ದಿಗೆ ಕಾರಣ ಹುಡುಕುವಾಗ ನಡುವಿನ ಅಂತರ ಅಳೆಯಿರಿ. ಸಮ ಅಂತರದಲ್ಲಿ ಬರುತ್ತಿದ್ದರೆ ಎರಡು ಸೌಂಡ್ ಕಾರ್ಡುಗಳ ಗಡಿಯಾರ ಹೊಂದುತ್ತಿಲ್ಲ. ಪ್ರತಿ ಕಾರ್ಡಿನೊಳಗೂ ಒಂದು ಹರಳು ಇದೆ. ಎರಡೂ 48,000 ಎಂದು ಹೇಳಿಕೊಂಡರೂ ಒಂದು ಇನ್ನೊಂದಕ್ಕಿಂತ ಹತ್ತು ಲಕ್ಷಕ್ಕೆ ಐವತ್ತರಷ್ಟು ವೇಗ ಇದ್ದರೆ ಸೆಕೆಂಡಿಗೆ 2.4 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ವ್ಯತ್ಯಾಸ. 1024 ಸ್ಯಾಂಪಲಿನ ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಸುಮಾರು 7 ನಿಮಿಷಕ್ಕೊಮ್ಮೆ ತುಂಬುತ್ತದೆ ಇಲ್ಲವೇ ಬರಿದಾಗುತ್ತದೆ, ಆಗೆಲ್ಲ ಒಂದು ಟಕ್. ಫೈಲಿನ ಮೂಲಕ ಅರ್ಧ ಗಂಟೆ ತಡ ಮಾಡುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎಂಟೂವರೆ ಗಂಟೆಯ ಆಟದಲ್ಲಿ ಡಿಲೇ ಒಂದೂವರೆ ಸೆಕೆಂಡು ಜಾರಬಹುದು, ಅಷ್ಟೆ. ಒಂದು ಕಾರ್ಡಿನಿಂದ ತೆಗೆದು ಸಣ್ಣ ಬಫರಿನ ಮೂಲಕ ಇನ್ನೊಂದಕ್ಕೆ ನೇರವಾಗಿ ದಾಟಿಸುವವರು ಒಂದೇ ಕಾರ್ಡಿನ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಬಳಸಬೇಕು. ಅದಾಗದಿದ್ದರೆ ನಡುವೆ ವೇಗ ಹೊಂದಿಸುವ ರೀಸ್ಯಾಂಪ್ಲರ್ ಇಡಬೇಕು.

ಟಕ್‌ಗಳು ಹೇಗೆಂದರೆ ಹಾಗೆ ಬರುತ್ತಿದ್ದರೆ ಕಂಪ್ಯೂಟರಿಗೆ ಪುರುಸೊತ್ತು ಸಿಗುತ್ತಿಲ್ಲ. ಬಫರ್ ಸೆಟ್ಟಿಂಗ್ ನೋಡಿ. ಹಾಡು ರೆಕಾರ್ಡ್ ಮಾಡಿದವರು ಯಾವಾಗಲೋ 128ಕ್ಕೆ ಇಳಿಸಿಟ್ಟದ್ದು ಹಾಗೇ ಇರುತ್ತದೆ. ಅರ್ಧ ಗಂಟೆ ತಡವಾಗಿ ಹೋಗುವ ಧ್ವನಿಗೆ ಸಾವಿರದಲ್ಲೊಂದು ಸೆಕೆಂಡಿನ ಆತುರ ಯಾಕೆ? ಕಾರ್ಡ್ ಒಪ್ಪುವ ಅತಿ ದೊಡ್ಡ ಬಫರ್ ಇಡಿ. ಆಮೇಲೆ ಯುಎಸ್‌ಬಿಗೆ ವಿದ್ಯುತ್ ಉಳಿಸುವ ಸೆಟ್ಟಿಂಗ್ ತೆಗೆಯಿರಿ, ಕಾರ್ಡನ್ನು ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೆ ಚುಚ್ಚಿ, ವಿಂಡೋಸ್ ಅಪ್‌ಡೇಟನ್ನು ಮರುದಿನಕ್ಕೆ ಮುಂದೂಡಿ, ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದಂತೆ ಮಾಡಿ. ಕಂಪ್ಯೂಟರಿನ ‘ಟಿಂಗ್’ ಸದ್ದುಗಳೆಲ್ಲ ಬೇರೆ ಔಟ್‌ಪುಟ್‌ಗೆ ಹೋಗಲಿ.

ಡಿಲೇ ತಾನಾಗಿ ಕರಗುತ್ತಿದೆ

ಹತ್ತು ಗಂಟೆಗೆ ಮೂವತ್ತು ನಿಮಿಷ ಇದ್ದದ್ದು ಹನ್ನೆರಡಕ್ಕೆ ಇಪ್ಪತ್ತಾರು ಆಗಿದೆ, ಒಂದೂವರೆಗೆ ಇನ್ನೂ ಕಡಿಮೆ. ಇದು ಮೊಬೈಲ್ ಡೇಟಾದ ಕೆಲಸ. ಬಯಲಿನಲ್ಲಿ ಜನ ಸೇರಿ ಹತ್ತಾರು ಮಂದಿ ಫೋನಿನಲ್ಲಿ ಲೈವ್ ಶುರು ಮಾಡಿದಂತೆ ಟವರಿನ ಮೇಲೆ ಒತ್ತಡ ಬೀಳುತ್ತದೆ, ನಿಮ್ಮ ಧ್ವನಿ ತುಂಡಾಗುತ್ತದೆ. ತುಂಡಾದ ಜಾಗಕ್ಕೆ ರೆಕಾರ್ಡರ್ ಮೌನ ತುಂಬಿಸದೆ ಮುಂದಿನದನ್ನು ಅಂಟಿಸಿಕೊಂಡರೆ ಫೈಲಿನ ಉದ್ದ ಗಡಿಯಾರಕ್ಕಿಂತ ಕಡಿಮೆಯಾಗುತ್ತದೆ. ಪ್ಲೇಯರ್ ತನ್ನ ವೇಗದಲ್ಲೇ ಓದುತ್ತಾ ಬರುವುದರಿಂದ ಕೊನೆಗೊಮ್ಮೆ ಬರೆಯುವ ಜಾಗವನ್ನೇ ಹೋಗಿ ಮುಟ್ಟುತ್ತದೆ. ಅಲ್ಲಿಗೆ ಪ್ರಸಾರ ನಿಲ್ಲುತ್ತದೆ.

ಪತ್ತೆ: ರೆಕಾರ್ಡಿಂಗ್ ಶುರುವಾದ ಹೊತ್ತು, ಈಗಿನ ಹೊತ್ತು, ಫೈಲಿನ ಉದ್ದ, ಈ ಮೂರನ್ನು ಗಂಟೆಗೊಮ್ಮೆ ಹೋಲಿಸಿ. ವ್ಯತ್ಯಾಸ ಸೆಕೆಂಡುಗಳಲ್ಲಿದ್ದರೆ ಬಿಡಿ, ನಿಮಿಷ ದಾಟಿದರೆ ಕ್ರಮ ಕೈಗೊಳ್ಳಿ. ಧ್ವನಿ ಕಳಿಸುವ ಪ್ರೋಗ್ರಾಮ್ ಯುಡಿಪಿಯಲ್ಲಿದ್ದರೆ ಟಿಸಿಪಿಗೆ ಬದಲಿಸಿ. ಯುಡಿಪಿಯಲ್ಲಿ ಕಳೆದುಹೋದ ತುಣುಕು ಹೋಯಿತು, ಟಿಸಿಪಿ ಅದನ್ನು ಮತ್ತೆ ಕೇಳಿ ತರಿಸುತ್ತದೆ. ಅದಕ್ಕೆ ತಡವಾಗುತ್ತದೆ ಎಂದು ನೇರ ಪ್ರಸಾರದವರು ಅದನ್ನು ಬಳಸಲು ಹಿಂಜರಿಯುತ್ತಾರೆ, ನಮಗೆ ಆ ತಡ ಒಂದು ಲೆಕ್ಕವೇ ಅಲ್ಲ. ಒಳಬರುವ ಬಫರನ್ನು 200 ಮಿಲಿಸೆಕೆಂಡಿನಿಂದ 10-15 ಸೆಕೆಂಡಿಗೆ ಏರಿಸಿ. ಕಳಿಸುವುದು ಓಪಸ್ ಎಂಬ ಕುಗ್ಗಿಸಿದ ಧ್ವನಿರೂಪದಲ್ಲಿ, ಮೊನೊ, 64 ಕಿಲೋಬಿಟ್ ಇರಲಿ. ಗಂಟೆಗೆ 29 ಎಂಬಿಯಷ್ಟೇ ಆಗುವುದರಿಂದ ಕಷ್ಟದ ಟವರಿನಲ್ಲೂ ನುಸುಳಿ ಬರುತ್ತದೆ. ಬಯಲಿನ ಲ್ಯಾಪ್‌ಟಾಪಿನಲ್ಲೇ ಇನ್ನೊಂದು ರೆಕಾರ್ಡಿಂಗ್ ಓಡುತ್ತಿರಲಿ. ಸಂಪರ್ಕ ಐದು ನಿಮಿಷ ಪೂರ್ತಿ ಹೋದರೂ ಆ ಐದು ನಿಮಿಷದ ಫೈಲನ್ನು ಆಮೇಲೆ ತರಿಸಿ ಜೋಡಿಸಲು ನಿಮಗೆ ಸಮಯವಿದೆ. ಡಿಲೇಯ ನಿಜವಾದ ಲಾಭ ಇದು.

ಹೋದ ಪದ್ಯ ಮತ್ತೆ ಬಂತು

ಹತ್ತೂವರೆ ಆಗುತ್ತಿದ್ದಂತೆ ಈಗಿನ ಸಂಭಾಷಣೆಯ ಹಿಂದೆ ಹತ್ತು ಗಂಟೆಗೆ ಹೋದ ಪದ್ಯ ಸಣ್ಣಗೆ ಕೇಳಿಸಲು ಶುರುವಾಗುತ್ತದೆ. ಹನ್ನೊಂದಕ್ಕೆ ಮೂರು ಪದರ. ಹೊರಹೋಗುವ ಧ್ವನಿ ಸ್ಟುಡಿಯೋ ಮಿಕ್ಸರಿನ ಮೂಲಕ ಮತ್ತೆ ರೆಕಾರ್ಡರಿಗೆ ತಿರುಗುತ್ತಿದೆ. ರೆಕಾರ್ಡರಿಗೆ ಕೊಡುವ ಧ್ವನಿಯನ್ನು ಮಿಕ್ಸರಿನ ಮೇನ್ ಔಟ್‌ನಿಂದ ತೆಗೆಯಬೇಡಿ. ಆಕ್ಸ್ ಅಥವಾ ಗ್ರೂಪ್ ಎಂಬ ಬೇರೆ ಔಟ್‌ಪುಟ್‌ನಿಂದ ತೆಗೆದು, ಡಿಲೇ ವಾಪಸ್ಸು ಬರುವ ಚಾನೆಲ್ಲಿನ ಆಕ್ಸ್ ಗುಬ್ಬಿಯನ್ನು ಸೊನ್ನೆಗೆ ತಿರುಗಿಸಿಡಿ. ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ಇನ್‌ಪುಟ್ ‘ಸ್ಟೀರಿಯೋ ಮಿಕ್ಸ್’ ಆಗಿದ್ದರೂ ಇದೇ ಗತಿ. ಈ ದೋಷ ಡಿಲೇಯಷ್ಟು ಹೊತ್ತು ಅಡಗಿ ಕೂತಿರುತ್ತದೆ. ಹಾಗಾಗಿ ಸಂಜೆ ಡಿಲೇಯನ್ನು ಒಂದು ನಿಮಿಷಕ್ಕೆ ಇಳಿಸಿ ಮೂರು ನಿಮಿಷ ಓಡಿಸಿ ನೋಡಿ, ಸುತ್ತು ಇದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಶ್ರುತಿ ಇಳಿದಿದೆ

ಭಾಗವತರ ದನಿ ಭಾರವಾಗಿ, ನಡೆ ಎಳೆದಂತೆ ಕೇಳಿದರೆ 48,000ದಲ್ಲಿ ರೆಕಾರ್ಡ್ ಆದದ್ದು 44,100ರಲ್ಲಿ ಹೊರಹೋಗುತ್ತಿದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ, ಒಂದು ಗಂಟೆಯದ್ದು 65 ನಿಮಿಷ 18 ಸೆಕೆಂಡು ಹಿಡಿಯುತ್ತದೆ, ಡಿಲೇ ಬೆಳೆಯುತ್ತಾ ಹೋಗುತ್ತದೆ. ಹಾರ್ಮೋನಿಯಂ ತೆಗೆದು ಬಯಲಿನವರು ಹೇಳಿದ ಶ್ರುತಿಯ ಮನೆಯನ್ನು ಒತ್ತಿ ನೋಡಿದರೆ ಖಾತ್ರಿಯಾಗುತ್ತದೆ. ಕಚ್ಚಾ ಪಿಸಿಎಂ ಬಳಸುವವರು ಹೆಚ್ಚು ಎಚ್ಚರ ವಹಿಸಬೇಕು, ಯಾಕೆಂದರೆ ಅದರಲ್ಲಿ ವೇಗ ಎಷ್ಟೆಂದು ಬರೆದಿರುವುದಿಲ್ಲ.

ಫೋನ್ ಇನ್: ಏಳು ಸೆಕೆಂಡಿನ ಡಿಲೇ

ಕೇಳುಗರ ಕರೆ ತೆಗೆದುಕೊಳ್ಳುವ ಕಾರ್ಯಕ್ರಮಕ್ಕೆ ಬೇರೆಯದೇ ಡಿಲೇ ಬೇಕು. ಯಾರಾದರೂ ಆಡಬಾರದ ಮಾತು ಆಡಿದರೆ ಗುಂಡಿ ಒತ್ತಿ ಕೊನೆಯ 7 ಸೆಕೆಂಡನ್ನು ಅಳಿಸುವುದು ಇದರ ಉದ್ದೇಶ. ‘ಗುಂಡಿ ಒತ್ತಿದರೂ ಮಾತು ಹೋಯಿತು’ ಎಂಬ ದೂರು ಬಂದರೆ ಎರಡು ಕಾರಣ ನೋಡಿ. ಒಂದು, ಕೀಬೋರ್ಡಿನ ಗುಂಡಿಯಾಗಿದ್ದು ಆ ಹೊತ್ತಿಗೆ ಪರದೆಯ ಮೇಲೆ ಬೇರೆ ಕಿಟಕಿ ಮುಂದೆ ಇತ್ತು. ಎರಡು, ಸ್ವಲ್ಪ ಮುಂಚೆಯೇ ಒಮ್ಮೆ ಒತ್ತಿಯಾಗಿತ್ತು, ಡಿಲೇ ಸೊನ್ನೆಗೆ ಬಂದಿತ್ತು. ಧ್ವನಿಯನ್ನು ಶೇಕಡಾ 5ರಷ್ಟು ಹಿಗ್ಗಿಸಿ ಮತ್ತೆ 7 ಸೆಕೆಂಡು ಗಳಿಸಲು 2 ನಿಮಿಷ 20 ಸೆಕೆಂಡು ಬೇಕು. ಅಷ್ಟು ಹೊತ್ತು ರಕ್ಷಣೆ ಇಲ್ಲ. ಒತ್ತಿದ ಕೂಡಲೇ 7 ಸೆಕೆಂಡಿನ ಒಂದು ಜಿಂಗಲ್ ನುಡಿಸಿ, ಅದರ ಮರೆಯಲ್ಲಿ ಬಫರ್ ತುಂಬಿಕೊಳ್ಳಲಿ.

ಕರೆ ಮಾಡಿದವರು ‘ಹಲೋ, ಹಲೋ, ಕೇಳುತ್ತಿದೆಯಾ?’ ಎನ್ನುತ್ತಲೇ ಇದ್ದರೆ ಅವರ ಮನೆಯ ರೇಡಿಯೋ ಹತ್ತಿರವೇ ಇದೆ. ‘ಅಕ್ಕಾ, ರೇಡಿಯೋ ಒಮ್ಮೆ ಬಂದ್ ಮಾಡಿ, ಫೋನಲ್ಲೇ ಕೇಳಿ’ ಎಂದು ಕರೆಯನ್ನು ಗಾಳಿಗೆ ಬಿಡುವ ಮುಂಚೆಯೇ ಹೇಳಬೇಕು. ಅವರಿಗೆ ಫೋನಿನಲ್ಲಿ ಹೋಗುವ ಧ್ವನಿ ಡಿಲೇಗಿಂತ ಮುಂಚಿನದ್ದಾಗಿರಬೇಕು, ಅದರಲ್ಲಿ ಅವರದೇ ದನಿ ಇರಬಾರದು. ನಿರೂಪಕರ ಹೆಡ್‌ಫೋನಿಗೂ ಡಿಲೇಗೆ ಮುಂಚಿನದ್ದೇ. ತನ್ನ ದನಿ ಸುಮಾರು 0.2 ಸೆಕೆಂಡು ತಡವಾಗಿ ಕೇಳಿಸಿದರೆ ಎಂಥ ಅನುಭವಿಗೂ ನಾಲಿಗೆ ತೊಡರುತ್ತದೆ. ನಿರೂಪಕರು ವಿನಾಕಾರಣ ತಡವರಿಸುತ್ತಿದ್ದರೆ ಅವರ ಹೆಡ್‌ಫೋನ್ ಎಲ್ಲಿಂದ ಬರುತ್ತಿದೆ ನೋಡಿ.

ಮಂಗಳದ ನಂತರ, ಕರೆಂಟು ಹೋದ ನಂತರ

ಬಯಲಿನಲ್ಲಿ ಮಂಗಳ ಹಾಡಿದಾಗ ಕೇಂದ್ರದಲ್ಲಿ ಇನ್ನೂ ಅರ್ಧ ಗಂಟೆಯ ಆಟ ಬಾಕಿ ಇದೆ. ಬಯಲಿನವರು ‘ಮುಗಿಯಿತು’ ಎಂದು ಫೋನ್ ಮಾಡಿದ ಕೂಡಲೇ ಇಲ್ಲಿ ಯಂತ್ರ ಬಂದ್ ಮಾಡಿ ಕೊನೆಯ ಯುದ್ಧವನ್ನೇ ಕಳೆದುಕೊಳ್ಳುವುದುಂಟು. ಕಂಪ್ಯೂಟರಿನ ಮೇಲೆ ಪ್ರಸಾರ ಮುಗಿಯುವ ಹೊತ್ತನ್ನು ದೊಡ್ಡದಾಗಿ ಬರೆದು ಅಂಟಿಸಿ.

ಯುಪಿಎಸ್ ಇದ್ದರೂ ಸಿಡಿಲಿನ ರಾತ್ರಿ ಯಂತ್ರ ಆರಬಹುದು. ಆಗ ಅರ್ಧಕ್ಕೆ ನಿಂತ ವೇವ್ ಫೈಲು ತೆರೆಯುವುದಿಲ್ಲ ಅಥವಾ ಉದ್ದ ಸೊನ್ನೆ ತೋರಿಸುತ್ತದೆ. ಅಳಿಸಬೇಡಿ. ಫೈಲಿನ ಗಾತ್ರ ನೂರಾರು ಎಂಬಿ ಇದ್ದರೆ ಧ್ವನಿ ಒಳಗಿದೆ, ತಲೆಬರಹ ಮಾತ್ರ ಅಪೂರ್ಣ. ಮೂಲವನ್ನು ಮುಟ್ಟದೆ ಪ್ರತಿ ಮಾಡಿಕೊಂಡು, ಒಡಾಸಿಟಿಯಲ್ಲಿ ಕಚ್ಚಾ ದತ್ತಾಂಶವಾಗಿ ಆಮದು ಮಾಡಿ: ಸೈನ್ಡ್ 16 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, 2 ಚಾನೆಲ್, 48,000 ಹರ್ಟ್ಸ್, ಆರಂಭದಲ್ಲಿ 44 ಬೈಟ್ ಬಿಟ್ಟು. ಬರೇ ‘ಶ್‌ಶ್’ ಎಂಬ ಗದ್ದಲ ಕೇಳಿದರೆ ಬೈಟ್‌ಗಳ ಜೋಡಿ ತಪ್ಪಿದೆ, ಬಿಡುವ ಬೈಟ್‌ಗಳ ಸಂಖ್ಯೆಯನ್ನು ಒಂದು ಹೆಚ್ಚಿಸಿ ನೋಡಿ. ಎಡ ಬಲ ಅದಲು ಬದಲಾಗಿದ್ದರೆ ಎರಡು ಹೆಚ್ಚಿಸಿ. ಧ್ವನಿ ವೇಗವಾಗಿ ಓಡಿದರೆ ಅಥವಾ ಎಳೆದರೆ ಹರ್ಟ್ಸ್ ಬದಲಿಸಿ. ಸರಿಯಾದ ಮೇಲೆ ಹೊಸ ಹೆಸರಿನಲ್ಲಿ ಉಳಿಸಿ, ಪ್ರಸಾರವಾದ ಕಾರ್ಯಕ್ರಮಗಳ ಕಡತಕ್ಕೆ ಸೇರಿಸಿ. ಸಮುದಾಯ ಬಾನುಲಿಯ ನಿಯಮದಂತೆ ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಯ್ದಿಡಬೇಕು. 128 ಕಿಲೋಬಿಟ್ ಎಂಪಿ3ಯಲ್ಲಿ ದಿನದ 24 ಗಂಟೆಯನ್ನೂ ಇಟ್ಟರೆ 90 ದಿನಕ್ಕೆ ಸುಮಾರು 125 ಜಿಬಿ ಬೇಕಾಗುತ್ತದೆ. ರೆಕಾರ್ಡ್ ಮಾಡುವ ಡಿಸ್ಕಿನಲ್ಲಿ ಅದನ್ನು ಇಡಬೇಡಿ, ಬೇರೆ ಡಿಸ್ಕ್ ಕೊಳ್ಳಿ. ಆಟಗಳ ಸೀಸನ್ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಒಳಸೇರಿದ ಮೇಲೆ ಆ ಡಿಸ್ಕನ್ನೂ ಕೇಬಲುಗಳನ್ನೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದ ತೇವಕ್ಕೆ ಜ್ಯಾಕುಗಳು ಕಿಲುಬು ಹಿಡಿಯುತ್ತವೆ, ದೀಪಾವಳಿಯ ನಂತರದ ಮೊದಲ ಆಟದಲ್ಲಿ ‘ಕರ್ರ್’ ಎನ್ನುವುದು ಅದೇ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ಗನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಹೆಚ್ಚಿನವು ಸರಿಹೋಗುತ್ತವೆ, ಆಗದವನ್ನು ಬದಲಿಸಿ.